ನಿಧಾನವಾದ ಕ್ವೆರಿಗೆ ಯಾವ ಕ್ಯಾಶ್? ಮೈಎಸ್‌ಕ್ಯುಎಲ್, ಮರಿಯಾಡಿಬಿ, ಪೋಸ್ಟ್‌ಗ್ರೆಸ್ ಬಳಸುವವರಿಗೊಂದು ಹೋಲಿಕೆ

ಕಾಲೇಜೊಂದರ ಗ್ರಂಥಾಲಯದ ತಂತ್ರಾಂಶವನ್ನು ನೋಡಿಕೊಳ್ಳುವ ಹೊಣೆ ಕೆಲವು ವರ್ಷಗಳ ಕಾಲ ನನ್ನದಾಗಿತ್ತು. ಪುಸ್ತಕ, ಸದಸ್ಯ, ಎರವಲು ಎಂಬ ಮೂರು ಮುಖ್ಯ ಟೇಬಲ್‌ಗಳಿದ್ದ ಡೇಟಾಬೇಸ್ ಅದು. ಮುಖಪುಟದಲ್ಲಿ ಒಟ್ಟು ಪುಸ್ತಕಗಳೆಷ್ಟು, ಎರವಲು ಹೋದವೆಷ್ಟು, ಅವಧಿ ಮೀರಿಯೂ ಹಿಂತಿರುಗದವೆಷ್ಟು ಎಂಬ ಮೂರು ಅಂಕಿಗಳು ಕಾಣಿಸುತ್ತಿದ್ದವು. ಬೆಳಗಿನ ಬಿಡುವಿನಲ್ಲಿ ವಿದ್ಯಾರ್ಥಿಗಳು ಒಟ್ಟಾಗಿ ಬಂದರೆ ಆ ಪುಟ ತೆರೆಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಅದು ಓಡುತ್ತಿದ್ದ ಮೈಎಸ್‌ಕ್ಯುಎಲ್ 5.7ರಲ್ಲಿ ಕ್ವೆರಿ ಕ್ಯಾಶ್, ಅಂದರೆ ಒಮ್ಮೆ ಕೇಳಿದ ಪ್ರಶ್ನೆಯ (ಕ್ವೆರಿಯ) ಉತ್ತರವನ್ನು ಮೆಮೊರಿಯಲ್ಲಿ ಕಾಪಿಟ್ಟು ಮತ್ತೆ ಕೊಡುವ ವ್ಯವಸ್ಥೆ, ಚಾಲ್ತಿಯಲ್ಲಿತ್ತು, ಅದಕ್ಕೆ 512 ಎಂಬಿ ಮೆಮೊರಿಯನ್ನೂ ಕೊಡಲಾಗಿತ್ತು. ಆದರೂ ಪುಟ ನಿಧಾನ. ಕ್ಯಾಶ್ ಇದ್ದೂ ಹೀಗೇಕೆ ಎಂದು ಬೆನ್ನುಹತ್ತಿ ಹೋದಾಗ ತಿಳಿದದ್ದು ಇಷ್ಟು: ಉತ್ತರವನ್ನು ಕಾಪಿಡುವುದು ಸುಲಭ, ಮೂಲದ ಮಾಹಿತಿ ಬದಲಾಯಿತೆಂಬ ಸುದ್ದಿಯನ್ನು ಆ ಉತ್ತರಕ್ಕೆ ಯಾರು, ಯಾವಾಗ ಮುಟ್ಟಿಸುತ್ತಾರೆ ಎಂಬುದೇ ಕಷ್ಟ. ಮುಂದೆ ಹೋಲಿಸುವ ಪ್ರತಿಯೊಂದು ಆಯ್ಕೆಯನ್ನೂ ನಾನು ಈ ಪ್ರಶ್ನೆಯಿಂದಲೇ ಅಳೆಯುತ್ತೇನೆ. ವೇಗದ ಮಾತು ಆಮೇಲಿನದು.

ಹಳೆಯ ಮಾಹಿತಿ ಕಂಡರೆಲ್ಲ ಅದು ಕ್ಯಾಶ್ ಅಲ್ಲ

ಆಯ್ಕೆಗೆ ಮುಂಚೆ ರೋಗ ಯಾವುದೆಂದು ಗೊತ್ತಾಗಬೇಕು. ‘ಪುಸ್ತಕ ಹಿಂತಿರುಗಿಸಿದ್ದಾರೆ, ಆದರೆ ಪರದೆಯಲ್ಲಿ ಇನ್ನೂ ಎರವಲು ಎಂದೇ ತೋರಿಸುತ್ತಿದೆ’ ಎಂಬ ದೂರು ಬಂದಾಗ ಬಹುತೇಕರು ಕ್ಯಾಶ್ ಖಾಲಿ ಮಾಡಲು ಹೊರಡುತ್ತಾರೆ. ನಾನು ಕಂಡ ಹಲವು ಪ್ರಕರಣಗಳಲ್ಲಿ ಕಾರಣ ಬೇರೆಯೇ ಇತ್ತು.

ಮೈಎಸ್‌ಕ್ಯುಎಲ್‌ನಲ್ಲಿ ಮಾಹಿತಿಯನ್ನು ಇಟ್ಟು ತೆಗೆಯುವ ಇನ್ನೋಡಿಬಿ ಎಂಜಿನ್ ಪೂರ್ವನಿಯೋಜಿತವಾಗಿ ‘ರಿಪೀಟಬಲ್ ರೀಡ್’ ಎಂಬ ಪ್ರತ್ಯೇಕತೆಯ ಮಟ್ಟದಲ್ಲಿ ಕೆಲಸ ಮಾಡುತ್ತದೆ. ಒಂದು ಟ್ರಾನ್ಸಾಕ್ಷನ್‌ನಲ್ಲಿ (ಒಂದೇ ಕೆಲಸವೆಂದು ಎಣಿಸುವ ಆದೇಶಗಳ ಗುಂಪಿನಲ್ಲಿ) ಮೊದಲ ಸಲ ಓದಿದ ಕ್ಷಣದಲ್ಲಿ ಮಾಹಿತಿ ಹೇಗಿತ್ತೋ, ಆ ಟ್ರಾನ್ಸಾಕ್ಷನ್ ಮುಗಿಯುವವರೆಗೆ ಸಾಮಾನ್ಯ ಸೆಲೆಕ್ಟ್‌ಗಳಿಗೆ, ಅಂದರೆ ಓದುವ ಆದೇಶಗಳಿಗೆ, ಹಾಗೆಯೇ ಕಾಣುತ್ತದೆ. ಈ ನಡುವೆ ಬೇರೆಯವರು ಎಷ್ಟು ಬದಲಾಯಿಸಿ ಕಮಿಟ್ ಮಾಡಿದರೂ (ಖಾಯಂಗೊಳಿಸಿದರೂ) ಅದು ಕಾಣುವುದಿಲ್ಲ. ಪೈಥಾನ್‌ನ ಡೇಟಾಬೇಸ್ ಲೈಬ್ರರಿಗಳಲ್ಲಿ ಸಾಮಾನ್ಯವಾಗಿ ಆಟೊಕಮಿಟ್ ಆಫ್ ಆಗಿರುವುದರಿಂದ, ಹಿನ್ನೆಲೆಯಲ್ಲಿ ಓಡುತ್ತ ನಿಮಿಷಕ್ಕೊಮ್ಮೆ ಸೆಲೆಕ್ಟ್ ಮಾಡುವ ಒಂದು ಸಣ್ಣ ಸ್ಕ್ರಿಪ್ಟ್, ಕಮಿಟ್ ಅಥವಾ ರೋಲ್‌ಬ್ಯಾಕ್ (ರದ್ದು) ಮಾಡದಿದ್ದರೆ, ಬೆಳಗಿನ ಚಿತ್ರವನ್ನೇ ಸಂಜೆಯವರೆಗೂ ನೋಡುತ್ತಿರುತ್ತದೆ. ಇದು ಕ್ಯಾಶ್‌ನಂತೆ ಕಾಣುತ್ತದೆ, ಆದರೆ ಯಾವ ಕ್ಯಾಶ್ ಖಾಲಿ ಮಾಡಿದರೂ ಸರಿಹೋಗದು. ಪೋಸ್ಟ್‌ಗ್ರೆಸ್‌ನಲ್ಲಿ ಪೂರ್ವನಿಯೋಜಿತ ಮಟ್ಟ ‘ರೀಡ್ ಕಮಿಟೆಡ್’ ಆದ್ದರಿಂದ ಪ್ರತಿ ಕ್ವೆರಿಯೂ ಹೊಸ ಚಿತ್ರ ಪಡೆಯುತ್ತದೆ. ಅದೇ ಕೋಡನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಿದವರು ಈ ವ್ಯತ್ಯಾಸದಲ್ಲಿ ಎಡವುವುದನ್ನು ನೋಡಿದ್ದೇನೆ.

ಓದುವ ಕೆಲಸವನ್ನು ಮುಖ್ಯ ಸರ್ವರಿನ ನಕಲಾದ ರೆಪ್ಲಿಕಾ ಸರ್ವರಿಗೆ ಕೊಟ್ಟಿದ್ದರೆ ಅದು ಮುಖ್ಯ ಸರ್ವರಿಗಿಂತ ಹಿಂದೆ ಬಿದ್ದಿರಬಹುದು. ಪರೀಕ್ಷಿಸಲು ಅದೇ ಸೆಲೆಕ್ಟ್ ಅನ್ನು ಮುಖ್ಯ ಸರ್ವರಿನಲ್ಲೇ ಓಡಿಸಿ ನೋಡಿದರೆ ಸಾಕು. ಮೈಎಸ್‌ಕ್ಯುಎಲ್ 8.0ರಲ್ಲಿ ಇನ್ನೊಂದು ಬಲೆ ಇದೆ: ‘ಇನ್ಫರ್ಮೇಷನ್ ಸ್ಕೀಮಾ’ದಲ್ಲಿ ಕಾಣುವ ಟೇಬಲ್‌ನ ಅಂದಾಜು ಸಾಲುಗಳ ಸಂಖ್ಯೆ, ಗಾತ್ರ, ಮುಂದಿನ ಆಟೊ ಇನ್‌ಕ್ರಿಮೆಂಟ್ ಸಂಖ್ಯೆ ಇವೆಲ್ಲ 86,400 ಸೆಕೆಂಡುಗಳ ಕಾಲ, ಅಂದರೆ ಪೂರ್ತಿ ಒಂದು ದಿನ, ಕಾಪಿಟ್ಟ ಅಂಕಿಗಳು. ‘ಇನ್ಫರ್ಮೇಷನ್ ಸ್ಕೀಮಾ ಸ್ಟ್ಯಾಟ್ಸ್ ಎಕ್ಸ್‌ಪೈರಿ’ ಎಂಬ ವೇರಿಯಬಲ್ ಅನ್ನು ಸೊನ್ನೆ ಮಾಡಿದರೆ, ಇಲ್ಲವೇ ಆ ಟೇಬಲ್‌ಗೆ ‘ಅನಲೈಸ್ ಟೇಬಲ್’ ಓಡಿಸಿದರೆ ಹೊಸ ಅಂಕಿ ಸಿಗುತ್ತದೆ.

ಈ ಮೂರನ್ನೂ ದಾಟಿದ ಮೇಲೆಯೇ ಕ್ಯಾಶ್‌ನ ಮಾತು.

ಡೇಟಾಬೇಸಿನೊಳಗಿನ ಕ್ವೆರಿ ಕ್ಯಾಶ್

ಮೈಎಸ್‌ಕ್ಯುಎಲ್ 4.0ರ ಸರಣಿಯಲ್ಲಿ ಬಂದ ಕ್ವೆರಿ ಕ್ಯಾಶ್ ಅತ್ಯಂತ ಸರಳ ವಿಚಾರದ ಮೇಲೆ ನಿಂತಿತ್ತು: ಸೆಲೆಕ್ಟ್‌ನ ಪಠ್ಯವನ್ನೂ ಅದರ ಉತ್ತರವನ್ನೂ ಜೋಡಿಯಾಗಿ ಇಟ್ಟುಕೊಳ್ಳುವುದು, ಅದೇ ಪಠ್ಯ ಮತ್ತೆ ಬಂದರೆ ಕ್ವೆರಿಯನ್ನು ಓಡಿಸದೆ ಉತ್ತರ ಕೊಡುವುದು. ಸುದ್ದಿ ಮುಟ್ಟಿಸುವ ಪ್ರಶ್ನೆಗೆ ಅದರ ಉತ್ತರವೂ ಅಷ್ಟೇ ಸರಳ, ಮತ್ತು ಅಷ್ಟೇ ಒರಟು. ಒಂದು ಟೇಬಲ್‌ನಲ್ಲಿ ಒಂದೇ ಒಂದು ಸಾಲು ಬದಲಾದರೂ ಆ ಟೇಬಲ್ ಅನ್ನು ಮುಟ್ಟಿದ ಎಲ್ಲ ಉತ್ತರಗಳನ್ನೂ ಎಸೆಯುವುದು. ಹಾಗಾಗಿ ಅದು ಹಳಸಿದ ಉತ್ತರವನ್ನು ಕೊಡುವುದಿಲ್ಲ. ಬೆಲೆ ಬೇರೆ ರೀತಿಯಲ್ಲಿ ತೆರಬೇಕಾಗುತ್ತದೆ.

ನಮ್ಮ ಗ್ರಂಥಾಲಯದಲ್ಲಿ ತೆತ್ತ ಬೆಲೆ ಹೀಗಿತ್ತು. ಸದಸ್ಯರ ಟೇಬಲ್‌ನಲ್ಲಿ ‘ಕೊನೆಯ ಭೇಟಿ’ ಎಂಬ ಕಾಲಂ ಇತ್ತು. ಯಾರು ಲಾಗಿನ್ ಆದರೂ ಅದರಲ್ಲಿ ಸಮಯ ಬರೆಯಲಾಗುತ್ತಿತ್ತು. ಬೆಳಗಿನ ಬಿಡುವಿನಲ್ಲಿ ಒಬ್ಬರ ಹಿಂದೊಬ್ಬರು ಲಾಗಿನ್ ಆಗುತ್ತಿದ್ದಂತೆ ಸದಸ್ಯರ ಟೇಬಲ್ ಸೇರಿದ್ದ ಪ್ರತಿಯೊಂದು ಕಾಪಿಟ್ಟ ಉತ್ತರವೂ ಪ್ರತಿ ಸಲವೂ ಅಳಿಸಿಹೋಗುತ್ತಿತ್ತು. ಕ್ಯಾಶ್ ಅತ್ಯಗತ್ಯವಾಗಿದ್ದ ಹೊತ್ತಿನಲ್ಲೇ ಅದು ಬರಿದಾಗಿರುತ್ತಿತ್ತು. ಅವಧಿ ಮೀರಿದ ಪುಸ್ತಕಗಳ ಲೆಕ್ಕದ ಕ್ವೆರಿಯಂತೂ ಕ್ಯಾಶ್‌ಗೆ ಸೇರಿಯೇ ಇರಲಿಲ್ಲ, ಏಕೆಂದರೆ ಅದರಲ್ಲಿ ಇಂದಿನ ದಿನಾಂಕ ಕೊಡುವ ಫಂಕ್ಷನ್ ಇತ್ತು. ಇಂದಿನ ದಿನಾಂಕ, ಈಗಿನ ಸಮಯ, ಯಾದೃಚ್ಛಿಕ ಸಂಖ್ಯೆ ಇಂಥವನ್ನು ಕೇಳುವ ಕ್ವೆರಿಗಳನ್ನು ಈ ಕ್ಯಾಶ್ ಇಟ್ಟುಕೊಳ್ಳುವುದಿಲ್ಲ. ದಿನಾಂಕವನ್ನು ತಂತ್ರಾಂಶದ ಕಡೆಯಿಂದಲೇ ಸ್ಥಿರ ಮೌಲ್ಯವಾಗಿ ಕಳುಹಿಸಿದಾಗ ಮಾತ್ರ ಅದು ಕ್ಯಾಶ್‌ಗೆ ಅರ್ಹವಾಯಿತು. ಪಠ್ಯ ಬೈಟಿಗೆ ಬೈಟ್ ಹೊಂದಬೇಕಾದ್ದರಿಂದ, ಒಂದು ಕಡೆ ‘ಸೆಲೆಕ್ಟ್’ ದೊಡ್ಡಕ್ಷರದಲ್ಲಿ, ಇನ್ನೊಂದು ಕಡೆ ಚಿಕ್ಕಕ್ಷರದಲ್ಲಿ ಬರೆದಿದ್ದರೆ ಅವು ಎರಡು ಬೇರೆ ಕ್ವೆರಿಗಳು. ಕೆಲವು ಫ್ರೇಮ್‌ವರ್ಕ್‌ಗಳು ಪತ್ತೆಗೆ ಅನುಕೂಲವಾಗಲೆಂದು ಪ್ರತಿ ಕ್ವೆರಿಗೂ ವಿನಂತಿಯ ಗುರುತನ್ನು ಕಾಮೆಂಟ್ ಆಗಿ ಸೇರಿಸುತ್ತವೆ. ಅಲ್ಲಿಗೆ ಯಾವ ಕ್ವೆರಿಯೂ ಇನ್ನೊಂದಕ್ಕೆ ಹೊಂದುವುದಿಲ್ಲ. ಮೈಎಸ್‌ಕ್ಯುಎಲ್‌ನಿಂದ ಕವಲೊಡೆದ ಮರಿಯಾಡಿಬಿಯಲ್ಲಿ ಕಾಮೆಂಟ್ ತೆಗೆದು ಹೋಲಿಸುವ ‘ಕ್ವೆರಿ ಕ್ಯಾಶ್ ಸ್ಟ್ರಿಪ್ ಕಾಮೆಂಟ್ಸ್’ ಎಂಬ ಆಯ್ಕೆ ಇದೆ, ಆದರೆ ಅದನ್ನು ನಾವೇ ಆನ್ ಮಾಡಬೇಕು.

ಇದಕ್ಕಿಂತ ಗಂಭೀರವಾದದ್ದು ಬೀಗದ ತೊಂದರೆ. ಇಡೀ ಕ್ಯಾಶ್‌ಗೆ ಒಂದೇ ಬೀಗ; ಹುಡುಕುವವರು, ಹೊಸ ಉತ್ತರ ಸೇರಿಸುವವರು, ಅಳಿಸುವವರು ಎಲ್ಲರೂ ಅದಕ್ಕೇ ಕಾಯಬೇಕು. ಕೋರ್‌ಗಳು ಹೆಚ್ಚಿದ್ದು ಸಂಪರ್ಕಗಳು ಹೆಚ್ಚಿದಷ್ಟೂ ಸಾಲು ಉದ್ದವಾಗುತ್ತದೆ. ಕ್ಯಾಶ್ ದೊಡ್ಡದಿದ್ದಷ್ಟೂ ಅಳಿಸುವ ಕೆಲಸಕ್ಕೆ ಹೆಚ್ಚು ಹೊತ್ತು ಬೇಕು, ಆದ್ದರಿಂದ 512 ಎಂಬಿ ಕೊಟ್ಟದ್ದು ನಮಗೆ ಉಪಕಾರವಾಗುವ ಬದಲು ಅಪಕಾರವೇ ಆಗಿತ್ತು. ‘ಶೋ ಪ್ರೊಸೆಸ್‌ಲಿಸ್ಟ್’ ಓಡಿಸಿದಾಗ ‘ವೇಟಿಂಗ್ ಫಾರ್ ಕ್ವೆರಿ ಕ್ಯಾಶ್ ಲಾಕ್’ ಎಂಬ ಸ್ಥಿತಿ ಸಾಲುಸಾಲಾಗಿ ಕಂಡರೆ ಇದೇ ಕಾರಣವೆಂದು ತಿಳಿಯಬೇಕು. ಮೈಎಸ್‌ಕ್ಯುಎಲ್ ತಂಡ 2017ರಲ್ಲಿ, 5.7.20ರ ಬಿಡುಗಡೆಯೊಂದಿಗೆ, ಇದನ್ನು ತ್ಯಜಿಸುವುದಾಗಿ ಸೂಚಿಸಿ, 8.0ರಲ್ಲಿ ತೆಗೆದೇ ಹಾಕಿತು. ಮರಿಯಾಡಿಬಿ ಉಳಿಸಿಕೊಂಡಿದೆ, ಆದರೆ 10.1.7ರಿಂದ ಅದು ಪೂರ್ವನಿಯೋಜಿತವಾಗಿ ಆಫ್.

ಹಾಗಾದರೆ ಯಾರಿಗೆ ಇದು ಇಂದಿಗೂ ಸರಿ? ಮರಿಯಾಡಿಬಿ ಬಳಸುವವರಲ್ಲಿ, ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ಬದಲಾಗುವ ಟೇಬಲ್‌ಗಳ ಮೇಲೆ ಒಂದೇ ಪಠ್ಯದ ಭಾರವಾದ ಕ್ವೆರಿಗಳು ಮತ್ತೆ ಮತ್ತೆ ಬರುವ, ಏಕಕಾಲದ ಸಂಪರ್ಕಗಳು ಕಡಿಮೆಯಿರುವ, ತಂತ್ರಾಂಶದ ಕೋಡನ್ನು ತಿದ್ದಲು ಅವಕಾಶವಿಲ್ಲದ ಕಡೆಗಳಿಗೆ. ಗಾತ್ರ ಕೆಲವು ಹತ್ತು ಎಂಬಿ ಮೀರದಿರಲಿ. ‘ಕ್ಯೂಕ್ಯಾಶ್ ಹಿಟ್ಸ್’ ಮತ್ತು ‘ಕ್ಯೂಕ್ಯಾಶ್ ಇನ್ಸರ್ಟ್ಸ್’ ಎಂಬ ಎರಡು ಎಣಿಕೆಗಳನ್ನು ಒಂದು ಗಂಟೆಯ ಅಂತರದಲ್ಲಿ ಎರಡು ಸಲ ಬರೆದುಕೊಳ್ಳಿ; ಆ ಗಂಟೆಯಲ್ಲಿ ಇಟ್ಟ ಉತ್ತರಗಳಿಗಿಂತ ಬಳಕೆಯಾದ ಉತ್ತರಗಳು ಹಲವು ಪಟ್ಟು ಇಲ್ಲದಿದ್ದರೆ ಅದನ್ನು ಆಫ್ ಮಾಡುವುದೇ ಒಳಿತು. ಜಾಗ ಸಾಲದೆ ಹೊರಹಾಕಿದ ಉತ್ತರಗಳ ಎಣಿಕೆಯಾದ ‘ಲೋಮೆಮ್ ಪ್ರೂನ್ಸ್’ ಏರುತ್ತಿದ್ದು ಖಾಲಿ ಜಾಗವೂ ಸಾಕಷ್ಟು ಕಾಣುತ್ತಿದ್ದರೆ ಅದು ಜಾಗ ಚೂರುಚೂರಾದ ಲಕ್ಷಣ. ‘ಫ್ಲಶ್ ಕ್ವೆರಿ ಕ್ಯಾಶ್’ ಆ ಚೂರುಗಳನ್ನು ಕೂಡಿಸುತ್ತದೆ, ಉತ್ತರಗಳನ್ನು ಅಳಿಸುವುದಿಲ್ಲ. ಅಳಿಸುವುದು ‘ರೀಸೆಟ್ ಕ್ವೆರಿ ಕ್ಯಾಶ್’. ಹೆಸರಿನಿಂದ ಇವೆರಡನ್ನೂ ಅದಲುಬದಲು ತಿಳಿಯುವುದು ಸಾಮಾನ್ಯ.

5.7ರಿಂದ 8.0ಕ್ಕೆ ಏರುವವರಿಗೆ ಒಂದು ಎಚ್ಚರಿಕೆ. ನಾವು ಏರಿದ ರಾತ್ರಿ ಸರ್ವರ್ ಮೇಲೇಳಲೇ ಇಲ್ಲ. ಎರರ್ ಲಾಗಿನ ಕೊನೆಯಲ್ಲಿ ‘ಅನ್‌ನೋನ್ ವೇರಿಯಬಲ್’ ಎಂಬ ಪದಗಳ ಮುಂದೆ ಹಳೆಯ ಸಂರಚನಾ ಕಡತದಲ್ಲಿ ಉಳಿದಿದ್ದ ಕ್ವೆರಿ ಕ್ಯಾಶ್ ಗಾತ್ರದ ಸಾಲು ಇತ್ತು. ಆ ಸಾಲುಗಳನ್ನು ಅಳಿಸಿದ ಮೇಲೆ ಸರ್ವರ್ ಎದ್ದಿತು. ಮೈಎಸ್‌ಕ್ಯುಎಲ್ ಶೆಲ್‌ನಲ್ಲಿರುವ ಅಪ್‌ಗ್ರೇಡ್ ತಪಾಸಣೆಯನ್ನು ಸಂರಚನಾ ಕಡತದ ಸಮೇತ ಮೊದಲೇ ಓಡಿಸಿದ್ದರೆ ಆ ರಾತ್ರಿಯ ಗಾಬರಿ ತಪ್ಪುತ್ತಿತ್ತು.

ಬಫರ್ ಪೂಲ್ ಮತ್ತು ಇಂಡೆಕ್ಸ್

ಒಂದು ಕ್ವೆರಿ ಮೊದಲ ಸಲ ನಿಧಾನವಾಗಿ, ಎರಡನೆಯ ಸಲ ಬೇಗ ಓಡಿದರೆ ಉತ್ತರ ಕ್ಯಾಶ್ ಆಯಿತೆಂದು ಅನೇಕರು ತಿಳಿಯುತ್ತಾರೆ. ನಿಜದಲ್ಲಿ ಅಲ್ಲಿ ಉತ್ತರ ಉಳಿದಿರುವುದಿಲ್ಲ. ಡಿಸ್ಕ್‌ನಿಂದ ತಂದ ಪುಟಗಳು ಮೆಮೊರಿಯಲ್ಲಿ ಉಳಿದಿರುತ್ತವೆ, ಕ್ವೆರಿ ಪೂರ್ತಿಯಾಗಿ ಮತ್ತೆ ಓಡುತ್ತದೆ. ಇನ್ನೋಡಿಬಿಯಲ್ಲಿ 16 ಕೆಬಿಯ ಪುಟಗಳನ್ನು ಇಡುವ ಈ ಜಾಗದ ಹೆಸರು ಬಫರ್ ಪೂಲ್. ಪೋಸ್ಟ್‌ಗ್ರೆಸ್‌ನಲ್ಲಿ 8 ಕೆಬಿ ಪುಟಗಳ ‘ಶೇರ್ಡ್ ಬಫರ್ಸ್’. ಬದಲಾವಣೆಗಳೂ ಇದೇ ಪುಟಗಳ ಮೇಲೆಯೇ ನಡೆಯುವುದರಿಂದ ಸುದ್ದಿ ಮುಟ್ಟಿಸುವ ಪ್ರಶ್ನೆಯೇ ಇಲ್ಲಿ ಏಳುವುದಿಲ್ಲ. ನಾನು ಇದನ್ನು ಉಳಿದೆಲ್ಲ ಆಯ್ಕೆಗಳಿಗಿಂತ ಮೇಲೆ ಇಡುವುದು ಈ ಒಂದು ಗುಣಕ್ಕಾಗಿ.

ಎರಡರಲ್ಲೂ ಪೂರ್ವನಿಯೋಜಿತ ಗಾತ್ರ 128 ಎಂಬಿ ಮಾತ್ರ. ನಮ್ಮ ಸರ್ವರಿನಲ್ಲಿ 8 ಜಿಬಿ ಮೆಮೊರಿ ಇದ್ದರೂ ಬಫರ್ ಪೂಲ್ ಇದ್ದದ್ದು ಆ 128 ಎಂಬಿಯಲ್ಲೇ. ಕೆಲಸಕ್ಕೆ ಬಾರದ ಕ್ವೆರಿ ಕ್ಯಾಶ್‌ಗೆ ಅದರ ನಾಲ್ಕು ಪಟ್ಟು ಹೋಗಿತ್ತು. ಡೇಟಾಬೇಸ್ ಒಂದಕ್ಕೇ ಮೀಸಲಾದ ಯಂತ್ರದಲ್ಲಿ ಇನ್ನೋಡಿಬಿಗೆ ಮೆಮೊರಿಯ 80 ಶೇಕಡಾವರೆಗೂ ಕೊಡಬಹುದು. ಪೋಸ್ಟ್‌ಗ್ರೆಸ್ ಆಪರೇಟಿಂಗ್ ಸಿಸ್ಟಮ್‌ನ ಕಡತ ಕ್ಯಾಶ್ ಅನ್ನೂ ನೆಚ್ಚಿಕೊಳ್ಳುವುದರಿಂದ ಅಲ್ಲಿ 25 ಶೇಕಡಾದಿಂದ ಆರಂಭಿಸುವುದು ವಾಡಿಕೆ, 40 ಶೇಕಡಾ ಮೀರಿದರೆ ಲಾಭ ಅಪರೂಪ. ಇದೇ ಕಾರಣಕ್ಕೆ, ಕ್ವೆರಿ ಹೇಗೆ ಓಡುತ್ತದೆಂದು ತೋರಿಸುವ ಪೋಸ್ಟ್‌ಗ್ರೆಸ್‌ನ ‘ಎಕ್ಸ್‌ಪ್ಲೇನ್’ನಲ್ಲಿ ‘ಅನಲೈಸ್’ ಮತ್ತು ‘ಬಫರ್ಸ್’ ಆಯ್ಕೆ ಕೊಟ್ಟಾಗ ಕಾಣುವ ‘ರೀಡ್’ ಎಂಬ ಅಂಕಿ ಡಿಸ್ಕ್‌ನಿಂದಲೇ ಓದಿದ್ದೆಂದು ಹೇಳಲಾಗದು; ಆಪರೇಟಿಂಗ್ ಸಿಸ್ಟಮ್‌ನ ಮೆಮೊರಿಯಿಂದಲೂ ಬಂದಿರಬಹುದು. ಪೋಸ್ಟ್‌ಗ್ರೆಸ್ ಅನ್ನು ಮರುಚಾಲನೆ ಮಾಡಿ ‘ತಣ್ಣನೆಯ’ ಪರೀಕ್ಷೆ ಮಾಡಿದೆನೆಂದು ಭಾವಿಸುವವರು ಇದನ್ನು ನೆನಪಿಡಬೇಕು.

ಪುಟಗಳು ಮೆಮೊರಿಯಲ್ಲಿದ್ದರೂ ಲಕ್ಷ ಸಾಲುಗಳನ್ನು ಓದಿ ನೂರನ್ನು ಆರಿಸುವ ಕ್ವೆರಿ ನಿಧಾನವೇ. ಅವಧಿ ಮೀರಿದ ಪುಸ್ತಕಗಳ ಲೆಕ್ಕಕ್ಕೆ ಬೇಕಿದ್ದದ್ದು ಹಿಂತಿರುಗಿದ ದಿನಾಂಕ ಖಾಲಿಯಿರುವ, ಹಿಂತಿರುಗಬೇಕಾದ ದಿನಾಂಕ ಕಳೆದುಹೋದ ಸಾಲುಗಳು. ಮೈಎಸ್‌ಕ್ಯುಎಲ್‌ನಲ್ಲಿ ಆ ಎರಡು ಕಾಲಂಗಳನ್ನು ಅದೇ ಕ್ರಮದಲ್ಲಿ ಸೇರಿಸಿ ಒಂದು ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ನೆರವಾಗುವ ಸೂಚಿ) ಮಾಡಿದರೆ, ಎಣಿಕೆಗೆ ಟೇಬಲ್ ಅನ್ನು ಮುಟ್ಟುವ ಅಗತ್ಯವೂ ಬೀಳುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಇನ್ನೂ ಚೊಕ್ಕದಾದ ದಾರಿಯಿದೆ: ಹಿಂತಿರುಗದ ಸಾಲುಗಳಿಗಷ್ಟೇ ಸೀಮಿತವಾದ ಭಾಗಶಃ ಇಂಡೆಕ್ಸ್. ವರ್ಷಗಳಿಂದ ಸೇರುತ್ತಾ ಬಂದ ಹಳೆಯ ಎರವಲುಗಳು ಅದರಲ್ಲಿ ಇರುವುದೇ ಇಲ್ಲವಾದ್ದರಿಂದ ಅದು ಚಿಕ್ಕದಾಗಿಯೇ ಉಳಿಯುತ್ತದೆ. ಮೈಎಸ್‌ಕ್ಯುಎಲ್‌ನಲ್ಲಿ ಈ ಸೌಲಭ್ಯವಿಲ್ಲ.

ದಿನನಿತ್ಯದ ಕೆಲಸಗಳಲ್ಲಿ ಬಫರ್ ಪೂಲ್ ಕೆಡುವ ಭಯ ಅನೇಕರಿಗಿದೆ, ವಿಶೇಷವಾಗಿ ರಾತ್ರಿಯ ಬ್ಯಾಕಪ್ ಎಲ್ಲ ಟೇಬಲ್‌ಗಳನ್ನೂ ಓದುವುದರಿಂದ. ಇದಕ್ಕೆ ಎರಡೂ ಕಡೆ ರಕ್ಷಣೆ ಇದೆ. ಇನ್ನೋಡಿಬಿ ಹೊಸ ಪುಟವನ್ನು ಪಟ್ಟಿಯ ತಲೆಗೆ ಹಾಕದೆ ಮಧ್ಯಕ್ಕೆ ಸೇರಿಸಿ, ಒಂದು ಸೆಕೆಂಡಿನ ನಂತರವೂ ಅದನ್ನು ಯಾರಾದರೂ ಕೇಳಿದರೆ ಮಾತ್ರ ಮೇಲಕ್ಕೆ ಏರಿಸುತ್ತದೆ. ಪೋಸ್ಟ್‌ಗ್ರೆಸ್, ಶೇರ್ಡ್ ಬಫರ್ಸ್‌ನ ಕಾಲುಭಾಗಕ್ಕಿಂತ ದೊಡ್ಡ ಟೇಬಲ್ ಅನ್ನು ಪೂರ್ತಿ ಓದುವಾಗ 256 ಕೆಬಿಯ ಸಣ್ಣ ವರ್ತುಲವನ್ನಷ್ಟೇ ಬಳಸುತ್ತದೆ. ಮರುಚಾಲನೆಯ ನಂತರದ ನಿಧಾನಕ್ಕೂ ಮೈಎಸ್‌ಕ್ಯುಎಲ್ 5.7ರಿಂದ ಪರಿಹಾರ ತಾನಾಗಿಯೇ ಇದೆ, ನಿಲ್ಲುವಾಗ ಬಿಸಿ ಪುಟಗಳ ಪಟ್ಟಿ ಬರೆದಿಟ್ಟು ಏಳುವಾಗ ಮತ್ತೆ ತುಂಬಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ‘ಪಿಜಿ ಪ್ರೀವಾರ್ಮ್’ ಎಂಬ ವಿಸ್ತರಣೆಯನ್ನು ನಾವೇ ಸೇರಿಸಿಕೊಳ್ಳಬೇಕು. ಆದರೆ ಸಾವಿರಾರು ಸಾಲುಗಳನ್ನು ಒಟ್ಟಿಗೆ ತುಂಬಿದ ದಿನ ಕ್ವೆರಿಗಳು ಇದ್ದಕ್ಕಿದ್ದಂತೆ ನಿಧಾನವಾದರೆ ಕ್ಯಾಶ್ ಅನ್ನು ದೂರಬೇಡಿ. ಟೇಬಲ್‌ನ ಅಂಕಿಅಂಶಗಳು ಹಳತಾಗಿ, ಕ್ವೆರಿಯನ್ನು ಓಡಿಸುವ ಬಗೆಯನ್ನು ಆರಿಸುವ ಆಪ್ಟಿಮೈಸರ್ ದಾರಿ ತಪ್ಪಿರುತ್ತದೆ. ತುಂಬಿದ ಕೂಡಲೇ ‘ಅನಲೈಸ್’ ಓಡಿಸುವುದನ್ನು ಆ ಕೆಲಸದ ಭಾಗವಾಗಿಯೇ ಮಾಡಿಕೊಳ್ಳಿ.

ಸಾರಾಂಶ ಟೇಬಲ್, ಮೆಟೀರಿಯಲೈಸ್ಡ್ ವ್ಯೂ

ಇಂಡೆಕ್ಸ್ ಹಾಕಿದ ಮೇಲೂ ಭಾರವಾಗಿಯೇ ಉಳಿಯುವ ಕ್ವೆರಿಗಳಿವೆ: ಹತ್ತು ವರ್ಷಗಳ ಎರವಲನ್ನು ವಿಭಾಗವಾರು, ತಿಂಗಳುವಾರು ಎಣಿಸುವ ವರದಿಯಂಥವು. ಇವುಗಳ ಉತ್ತರ ನಿನ್ನೆ ರಾತ್ರಿಯದ್ದಾದರೂ ಪ್ರಾಂಶುಪಾಲರಿಗೆ ತೊಂದರೆಯಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ 2013ರ 9.3ನೇ ಆವೃತ್ತಿಯಿಂದ ಮೆಟೀರಿಯಲೈಸ್ಡ್ ವ್ಯೂ, ಅಂದರೆ ಕ್ವೆರಿಯ ಉತ್ತರವನ್ನೇ ಟೇಬಲ್‌ನಂತೆ ಬರೆದಿಡುವ ಸೌಲಭ್ಯ, ಇದೆ. ಸುದ್ದಿ ಮುಟ್ಟಿಸುವವರು ನಾವೇ, ‘ರಿಫ್ರೆಶ್’ ಆದೇಶದ ಮೂಲಕ. ಸಾದಾ ರಿಫ್ರೆಶ್ ನಡೆಯುವಷ್ಟು ಹೊತ್ತು ಓದುವವರೂ ಕಾಯಬೇಕು. 9.4ರಲ್ಲಿ ಬಂದ ‘ಕನ್‌ಕರೆಂಟ್ಲಿ’ ಬಗೆಯಲ್ಲಿ ಓದುವವರಿಗೆ ತಡೆಯಿಲ್ಲ, ಆದರೆ ಆ ವ್ಯೂ ಮೇಲೆ ಯೂನಿಕ್ ಇಂಡೆಕ್ಸ್ ಇರಲೇಬೇಕು. ಮೈಎಸ್‌ಕ್ಯುಎಲ್‌ನಲ್ಲಿ ಸಾದಾ ಟೇಬಲ್ ಮಾಡಿ, ಇವೆಂಟ್ ಶೆಡ್ಯೂಲರ್‌ನಿಂದ ರಾತ್ರಿ ತುಂಬಿಸುವುದು ನಮ್ಮ ದಾರಿಯಾಗಿತ್ತು. ಹೊಸ ಟೇಬಲ್‌ಗೆ ತುಂಬಿ ಕೊನೆಯಲ್ಲಿ ಎರಡರ ಹೆಸರುಗಳನ್ನು ಒಂದೇ ‘ರಿನೇಮ್ ಟೇಬಲ್’ ಆದೇಶದಲ್ಲಿ ಬದಲಿಸಿದರೆ ಅರ್ಧ ತುಂಬಿದ ಟೇಬಲ್ ಯಾರಿಗೂ ಕಾಣುವುದಿಲ್ಲ. ವರದಿಯ ಕೆಳಗೆ ‘ಇಷ್ಟು ಗಂಟೆಯವರೆಗಿನ ಲೆಕ್ಕ’ ಎಂದು ಬರೆಯುವುದನ್ನು ಮರೆಯಬಾರದು. ಹಳೆಯ ಉತ್ತರವನ್ನು ಹೊಸದೆಂಬಂತೆ ತೋರಿಸುವುದು ಬಳಕೆದಾರರಿಗೆ ಮಾಡುವ ಅನ್ಯಾಯ.

ರೆಡಿಸ್, ಮೆಮ್‌ಕ್ಯಾಶ್‌ಡ್, ಪ್ರಾಕ್ಸಿ

ಡೇಟಾಬೇಸಿನ ಹೊರಗೆ, ತಂತ್ರಾಂಶದ ಪಕ್ಕದಲ್ಲಿ ಉತ್ತರ ಇಡುವ ದಾರಿ 2003ರ ಮೆಮ್‌ಕ್ಯಾಶ್‌ಡ್ ಮತ್ತು 2009ರ ರೆಡಿಸ್‌ನಿಂದ ಹೆದ್ದಾರಿಯಾಯಿತು. ಡೇಟಾಬೇಸಿಗೆ ಹೋಗುವ ದಾರಿಯೇ ತಪ್ಪುವುದರಿಂದ ವೇಗದಲ್ಲಿ ಇವನ್ನು ಮೀರಿಸುವುದು ಕಷ್ಟ. ಆದರೆ ಸುದ್ದಿ ಮುಟ್ಟಿಸುವ ಹೊಣೆ ಪೂರ್ತಿಯಾಗಿ ಪ್ರೋಗ್ರಾಮರ್ ಮೇಲೆ ಬೀಳುತ್ತದೆ, ಅಲ್ಲಿ ಆಗುವ ತಪ್ಪು ಬಹಳ ಸೂಕ್ಷ್ಮವಾದದ್ದು.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಗ್ರಂಥಪಾಲಕರು ಒಂದು ಪುಸ್ತಕವನ್ನು ಹಿಂತಿರುಗಿದ್ದೆಂದು ಗುರುತಿಸುತ್ತಾರೆ. ಕೋಡ್ ಟ್ರಾನ್ಸಾಕ್ಷನ್ ಆರಂಭಿಸಿ ಸಾಲನ್ನು ಬದಲಿಸುತ್ತದೆ, ರೆಡಿಸ್‌ನಲ್ಲಿರುವ ಆ ಪುಸ್ತಕದ ಕೀಲಿಯನ್ನು (ಕಾಪಿಟ್ಟ ಉತ್ತರವನ್ನು ಗುರುತಿಸುವ ಹೆಸರನ್ನು) ಉತ್ತರದ ಸಮೇತ ಅಳಿಸುತ್ತದೆ, ಆಮೇಲೆ ಕಮಿಟ್ ಮಾಡುತ್ತದೆ. ಅಳಿಸಿದ್ದಕ್ಕೂ ಕಮಿಟ್ ಆದದ್ದಕ್ಕೂ ನಡುವಿನ ಕೆಲವೇ ಮಿಲಿಸೆಕೆಂಡಿನಲ್ಲಿ ಒಬ್ಬ ವಿದ್ಯಾರ್ಥಿ ಆ ಪುಸ್ತಕದ ಪುಟ ತೆರೆದರೆ, ರೆಡಿಸ್ ಖಾಲಿ ಎಂದು ಕೋಡ್ ಡೇಟಾಬೇಸಿಗೆ ಹೋಗುತ್ತದೆ, ಇನ್ನೂ ಕಮಿಟ್ ಆಗದ ಕಾರಣ ‘ಎರವಲು ಹೋಗಿದೆ’ ಎಂಬ ಹಳೆಯ ಉತ್ತರವನ್ನೇ ಓದಿ ರೆಡಿಸ್‌ನಲ್ಲಿ ಮತ್ತೆ ಇಡುತ್ತದೆ. ಅಲ್ಲಿಂದ ಕೀಲಿಯ ಆಯಸ್ಸು ಮುಗಿಯುವವರೆಗೂ ಕಪಾಟಿನಲ್ಲಿರುವ ಪುಸ್ತಕ ಪರದೆಯಲ್ಲಿ ಇಲ್ಲವೆಂದೇ ಕಾಣುತ್ತದೆ. ಆದ್ದರಿಂದ ಕೀಲಿಯನ್ನು ಅಳಿಸುವುದು ಕಮಿಟ್ ಆದ ನಂತರವೇ ಆಗಬೇಕು. ಅದಾದರೂ ಪೂರ್ತಿ ಭದ್ರವಲ್ಲ. ಕಮಿಟ್‌ಗೆ ಮುಂಚೆ ಓದಿದವರು ತಡವಾಗಿ ಬಂದು ಬರೆಯಬಹುದು, ಆದ್ದರಿಂದ ಪ್ರತಿಯೊಂದು ಕೀಲಿಗೂ ಒಂದು ಆಯಸ್ಸು ಕೊಡಲೇಬೇಕು. ಎಲ್ಲ ಕೀಲಿಗಳಿಗೂ ಒಂದೇ ಆಯಸ್ಸು ಕೊಟ್ಟರೆ ಎಲ್ಲವೂ ಒಟ್ಟಿಗೆ ಮುಗಿದು, ಎಲ್ಲ ವಿನಂತಿಗಳೂ ಒಮ್ಮೆಗೇ ಡೇಟಾಬೇಸ್ ಮೇಲೆ ಮುಗಿಬೀಳುತ್ತವೆ. ಆಯಸ್ಸಿನಲ್ಲಿ ಕೆಲವು ಸೆಕೆಂಡು ಹೆಚ್ಚುಕಡಿಮೆ ಮಾಡುವುದು ಇದಕ್ಕಾಗಿ. ಮೆಮೊರಿ ಮಿತಿಯನ್ನು ಹಾಕಿ ಹಳೆಯದನ್ನು ಹೊರಹಾಕುವ ನೀತಿ ಆರಿಸದಿದ್ದರೆ, ಮಿತಿ ತುಂಬಿದಾಗ ರೆಡಿಸ್ ಹೊಸದನ್ನು ಬರೆಯಲು ನಿರಾಕರಿಸುತ್ತದೆ, ಏಕೆಂದರೆ ಪೂರ್ವನಿಯೋಜಿತ ನೀತಿ ಏನನ್ನೂ ಹೊರಹಾಕದಿರುವುದು. ಸದಸ್ಯರ ಸ್ವಂತ ಮಾಹಿತಿ ಇರುವ ಉತ್ತರದ ಕೀಲಿಯಲ್ಲಿ ಸದಸ್ಯರ ಗುರುತು ಇಲ್ಲದಿದ್ದರೆ ಒಬ್ಬರ ದಂಡದ ಲೆಕ್ಕ ಇನ್ನೊಬ್ಬರಿಗೆ ಕಾಣುತ್ತದೆ. ಇದನ್ನು ನಿಧಾನಕ್ಕಿಂತ ದೊಡ್ಡ ದೋಷವೆಂದು ನಾನು ಎಣಿಸುತ್ತೇನೆ.

ಕೋಡ್ ತಿದ್ದಲಾಗದ ಮೈಎಸ್‌ಕ್ಯುಎಲ್ 8.0 ಬಳಕೆದಾರರಿಗೆ, ತಂತ್ರಾಂಶಕ್ಕೂ ಡೇಟಾಬೇಸಿಗೂ ನಡುವೆ ಕೂರುವ ಪ್ರಾಕ್ಸಿಎಸ್‌ಕ್ಯುಎಲ್ ಒಂದು ಮಧ್ಯದ ದಾರಿ. ಆರಿಸಿದ ಕ್ವೆರಿಗಳಿಗಷ್ಟೇ ಮಿಲಿಸೆಕೆಂಡಿನ ಲೆಕ್ಕದಲ್ಲಿ ಆಯಸ್ಸು ಕೊಡಬಹುದು, ಟೇಬಲ್ ಬದಲಾದ ಸುದ್ದಿ ಮಾತ್ರ ಅದಕ್ಕೆ ಮುಟ್ಟುವುದೇ ಇಲ್ಲ. ಎರಡು ಸೆಕೆಂಡಿನ ಹಳತನವನ್ನು ಸಹಿಸುವ ಮುಖಪುಟದ ಅಂಕಿಗಳಿಗೆ ಅದು ಒಪ್ಪುತ್ತದೆ. ಪುಸ್ತಕ ಲಭ್ಯವಿದೆಯೇ ಎಂದು ನೋಡಿ ಕೂಡಲೇ ಎರವಲು ಕೊಡುವ ಪರದೆಗೆ ಒಪ್ಪುವುದಿಲ್ಲ.

ನಾವು ಆರಿಸಿಕೊಂಡದ್ದು

ಗ್ರಂಥಾಲಯದಲ್ಲಿ ಕೊನೆಗೆ ಉಳಿದದ್ದು ಹೀಗೆ. ‘ಕೊನೆಯ ಭೇಟಿ’ಯ ಕಾಲಂ ಅನ್ನು ಸದಸ್ಯರ ಟೇಬಲ್‌ನಿಂದ ತೆಗೆದು ಪ್ರತ್ಯೇಕ ಟೇಬಲ್‌ಗೆ ಸಾಗಿಸಿದೆವು. ಇದನ್ನು ಕ್ಯಾಶ್‌ಗಾಗಿ ಮಾಡಿದ್ದಾದರೂ, ಕ್ಯಾಶ್ ಹೋದ ಮೇಲೂ ಬೀಗಗಳ ಕಾಯುವಿಕೆ ಕಡಿಮೆಯಾಗಲು ಅದು ನೆರವಾಯಿತು. ಬಫರ್ ಪೂಲ್ ಅನ್ನು 5 ಜಿಬಿಗೆ ಏರಿಸಿ, ಎರವಲು ಟೇಬಲ್‌ಗೆ ಮೇಲೆ ಹೇಳಿದ ಜೋಡಿ ಇಂಡೆಕ್ಸ್ ಹಾಕಿದೆವು. ವಾರ್ಷಿಕ ವರದಿ ರಾತ್ರಿ ತುಂಬುವ ಸಾರಾಂಶ ಟೇಬಲ್‌ಗೆ ಹೋಯಿತು. ರೆಡಿಸ್ ಬೇಕೆಂದು ಒಬ್ಬ ಸಹೋದ್ಯೋಗಿ ಬಲವಾಗಿ ವಾದಿಸಿದ್ದರು. ಇಷ್ಟು ಮಾಡಿದ ಮೇಲೆ ‘ಎಕ್ಸ್‌ಪ್ಲೇನ್ ಅನಲೈಸ್’ನಲ್ಲಿ ಮುಖಪುಟದ ಮೂರೂ ಕ್ವೆರಿಗಳು ಕೆಲವೇ ಮಿಲಿಸೆಕೆಂಡುಗಳಲ್ಲಿ ಮುಗಿಯುವುದನ್ನು ಒಟ್ಟಿಗೆ ಕೂತು ನೋಡಿ, ಕೀಲಿ ಅಳಿಸುವ ಕೋಡನ್ನು ಬರೆಯುವ ಹೊಣೆಯನ್ನು ಸದ್ಯಕ್ಕೆ ಹೊರುವುದು ಬೇಡವೆಂದು ಇಬ್ಬರೂ ಒಪ್ಪಿದೆವು.